ಲೈನು ಕಟ್ಟಾಯಿತೆಂದು ಆಡಿದ ಮಾತು

ಶರಣ ಬಂಧುಗಳೇ, ಮೆಣಸಿನಕಾಯಿ ವ್ಯಾಪಾರ ಮಾಡುವ ಶ್ರೀಮಂತನೊಬ್ಬ ಒಂದು ಊರಿನಲ್ಲಿದ್ದ. ಹೆಸರು ಉಳವಪ್ಪ ಅಂತ ಇಟ್ಟುಕೊಳ್ಳಿ. ಅವನಿಗೆ ಮನೆಯಿತ್ತು, ಗೋದಾಮಿತ್ತು, ಕಾರಿತ್ತು. ಏನಿರಲಿಲ್ಲ? ನೆಟ್‌ವರ್ಕ್ ಇರಲಿಲ್ಲ!

ನಗಬೇಡಿ. ನಿಮ್ಮ ಮನೆಯದೂ ಇದೇ ಕಥೆ ತಾನೇ?

ಮಗಳು ಸುವರ್ಣಾಳಿಗೆ ಇಳಕಲ್ಲಿನಿಂದ ಸಂಬಂಧ ಬಂದಿತ್ತು. ಹುಡುಗನ ಮೇಲೆ ಅವಳಿಗೂ ಮನಸ್ಸಾಗಿತ್ತು. ಅವರ ಮನೆಗೆ ಹೋಗಿ ಉಂಡು ಬಂದದ್ದೂ ಆಗಿತ್ತು. ನಿಶ್ಚಯದ ದಿನವನ್ನು ವಿಡಿಯೋ ಕಾಲ್‌ನಲ್ಲೇ ಗೊತ್ತು ಮಾಡೋಣ ಎಂದರು ಬೀಗರು. ಸರಿ, ಉಳವಪ್ಪ ಜರಿ ರುಮಾಲು ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತ.

ಕೂತ. ಕೂತೇ ಕೂತ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಗಾಣದ ಎತ್ತಾದರೂ ನಡುವೆ ನಿಂತು ಉಸಿರು ಬಿಡುತ್ತದೆ, ನೋಡಿ, ಈ ಚಕ್ರ ಬಿಡಲಿಲ್ಲ. ರೂಟರನ್ನು ಆರಿಸಿ ಹಚ್ಚಿದ. ಅದರ ತಲೆ ಸವರಿದ. ಕಂಪನಿಗೆ ಫೋನ್ ಮಾಡಿದರೆ ಹೆಣ್ಣುದನಿಯೊಂದು, "ನಿಮ್ಮ ಕರೆ ನಮಗೆ ಅಮೂಲ್ಯ" ಎಂದಿತು.

"ತಂಗೀ, ಅಮೂಲ್ಯ ಇದ್ರ ಏನರ ಹಾದಿ ಹೇಳವಾ!"

ಅದು ಯಂತ್ರ. ಇನ್ನೊಮ್ಮೆ ಅಮೂಲ್ಯ ಎಂದಿತು.

ಅಷ್ಟರಲ್ಲಿ ಬೀಗರು ಕಂಡೇಬಿಟ್ಟರು! ಸಂಗನಬಸಪ್ಪ, ಪಕ್ಕದಲ್ಲಿ ಹೆಂಡತಿ ಶರಣವ್ವ. ಉಳವಪ್ಪನ ಮುಖ ಅರಳಿತು. "ಶರಣ್ರಿ ಬೀಗರ! ನಿಮ್ಮಂಥಾ ಮಂದಿ ಸಿಕ್ಕದ್ದು ನಮ್ಮ ಪುಣ್ಯ ನೋಡ್ರಿ" ಎನ್ನುವಷ್ಟರಲ್ಲಿ ಚಿತ್ರ ನಿಂತಿತು. ಸಂಗನಬಸಪ್ಪ ಅರ್ಧ ಬಾಯಿ ತೆರೆದುಕೊಂಡು ಕಲ್ಲಾಗಿಬಿಟ್ಟ.

ಲೈನು ಕಟ್ಟಾಯಿತೆಂದುಕೊಂಡು ಉಳವಪ್ಪ ರುಮಾಲು ಕಿತ್ತೆಸೆದು ಹೆಂಡತಿಯ ಕಡೆ ತಿರುಗಿದ. "ನೋಡು ಆ ಬಾಯಿ! ಅವತ್ತ ಹೋಳಿಗಿಗೆ ತುಪ್ಪ ಬಡಿಸಿದ್ದು ನೋಡಿದೇನು? ಕಣ್ಣಿಗೆ ಔಷಧ ಬಿಟ್ಟಂಗ ಬಿಟ್ಟ. ಜಿಪುಣ!"

"ಹಂಗನಬ್ಯಾಡ್ರಿ," ಎಂದಳು ಹೆಂಡತಿ ನೀಲವ್ವ. "ಆ ತಾಯಿ ಮೊಣಕಾಲು ಬ್ಯಾನಿ ಇಟಗೊಂಡು ನಮ್ಮ ಸಲುವಾಗಿ ಎಷ್ಟ ಓಡಾಡಿದ್ರು! ನನ್ನ ಮಗಳು ಅಂಥಾಕಿ ಕಡೆ ಹೋದ್ರ ನನಗ ಚಿಂತಿಲ್ಲ."

ಆಗ ಕಂಪ್ಯೂಟರಿನೊಳಗಿಂದ ಸಂಗನಬಸಪ್ಪನ ದನಿ ಬಂತು: "ಬೀಗರ, ಚಿತ್ರ ಅಷ್ಟ ನಿಂತೈತ್ರಿ. ಮಾತು ಛಲೋ ಕೇಳಾಕತ್ತೈತಿ."

ಉಳವಪ್ಪ ಹಿಂದಿರುಗಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಸುವರ್ಣಾಳ ಕಣ್ಣು ತುಂಬಿತ್ತು. ತುಪ್ಪದ ಮಾತಿನಲ್ಲಿ ಮಗಳ ಬದುಕನ್ನೇ ಸುಟ್ಟೆನಲ್ಲ ಎಂದು ಅವನಿಗೆ ಸಂಕಟವಾಯಿತು. ನಿಂತ ಚಿತ್ರಕ್ಕೇ ಕೈಮುಗಿದ. "ತಪ್ಪಾತ್ರಿ. ನನಗ ಬೈರಿ, ಮಗಳ ಮ್ಯಾಲ ಸಿಟ್ಟು ಬ್ಯಾಡ್ರಿ."

ಆ ಕಡೆ ಸದ್ದಿಲ್ಲ. ಲೈನು ಹೋಯಿತೋ, ಸಂಬಂಧವೇ ಹೋಯಿತೋ?

ಕಡೆಗೆ ಶರಣವ್ವನ ನಗು ಕೇಳಿಸಿತು. "ತುಪ್ಪದ ಮಾತು ಖರೇನ ಐತಿ ಬಿಡ್ರಿ, ನಾನೂ ಇವರಿಗೆ ಅದನ್ನ ಹೇಳ್ತೀನಿ. ನೀಲಕ್ಕಾ, ನಿಮ್ಮ ಮಾತು ಕೇಳಿ ಹೊಟ್ಟಿ ತಣ್ಣಗಾತು. ನಿಮ್ಮ ಮಗಳು ನಮ್ಮಾಕಿ. ದಿನ ಗೊತ್ತು ಮಾಡಾಕ ಸೋಮವಾರ ನಾವ ಬರ್ತೀವಿ."

ಈಗ ಹೇಳಿ, ಆ ಮನೆಯಲ್ಲಿ ಕೆಟ್ಟಿದ್ದು ನೆಟ್‌ವರ್ಕೋ, ನಾಲಿಗೆಯೋ? ಹಾಳು ನೆಟ್‌ವರ್ಕ್ ಎಂದು ದಿನವೂ ಬೈಯುತ್ತೀರಿ. ಫೋನಿನಲ್ಲಿ "ಅಣ್ಣಾ, ಅಕ್ಕಾ" ಅಂದು, ಫೋನು ಇಟ್ಟ ಕ್ಷಣ ಏನು ಅನ್ನುತ್ತೀರಿ? ಯಾರೂ ಕೇಳುತ್ತಿಲ್ಲ ಎಂದುಕೊಂಡು ಆಡಿದ ಮಾತೇ, ನೋಡಿ, ನಿಮ್ಮ ನಿಜವಾದ ಮಾತು. ನೀಲವ್ವನಿಗೂ ಯಾರೂ ಕೇಳುತ್ತಿಲ್ಲ ಎಂದೇ ಅನಿಸಿತ್ತು!

ಇವತ್ತಿನಿಂದ ಹೀಗೆ ಮಾಡಿ. ಒಳ್ಳೆಯ ಮಾತಿದ್ದರೆ ಬೆನ್ನ ಹಿಂದೆ ಧಾರಾಳವಾಗಿ ಆಡಿ. ಕೆಟ್ಟದ್ದಾದರೆ ನುಂಗಿಕೊಳ್ಳಿ. ನುಂಗಲಾಗದಿದ್ದರೆ ಫೋನು ಮಾಡಿ ಅವರಿಗೇ ಹೇಳಿ. ನೆಟ್‌ವರ್ಕ್ ಸಿಗಲಿಲ್ಲವೇ? ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೇ ನಡೆಯಿರಿ. ಅಲ್ಲಿ ಮುಟ್ಟುವುದರೊಳಗೆ ಸಿಟ್ಟು ಇಳಿದಿರುತ್ತದೆ. ಅವರು ಚಹಾ ಕೊಟ್ಟರೆ ಕುಡಿದು ಬನ್ನಿ.