ಏಳನೇ ಗುಂಡಿ

ಮುನಿಕೃಷ್ಣಮ್ಮ ನನ್ನ ಚಿಕ್ಕವ್ವನ ಮಗಳು. ಇದು ಅವಳಿಗೇ ಆದದ್ದು. ಲಾಟೀನು ಸಣ್ಣಗೆ ಮಾಡಿ, ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡಿ.

ಅವಳು ಸೂಲಗಿತ್ತಿ. ಅವತ್ತು ರಾತ್ರಿ ಜೈನಾಬ್ ಮಗಳಿಗೆ ಹೆರಿಗೆ ಮಾಡಿಸಿ ಒಬ್ಬಳೇ ಬರ್ತಿದ್ಲು. ಹೆಬ್ಬಾಳದ ಕೆರೆ ಕೋಡಿ ಬಿದ್ದು ಹರಿಯೋ ಹಳ್ಳದ ದಡ. ಅಲ್ಲಿ ತೊಗಲು ಹದ ಮಾಡೋ ಕಾರ್ಖಾನೆ ಇತ್ತು, ಮುಚ್ಚಿ ವರ್ಷವಾಗಿತ್ತು. ಸರ್ಕಾರದೋರು ಆ ಜಾಗ ತಗೊಂಡು ಬಡಾವಣೆ ಮಾಡ್ತಿದ್ರು. ಒಂದೇ ಸಲಕ್ಕಲ್ಲ, ಮೂರು ಕಂತಲ್ಲಿ. ಮೊದಲನೇ ಕಂತಿಗೆ ಹಳ್ಳದ ಕಡೆಯ, ತೊಗಲು ನೆನೆಹಾಕೋ ಆರು ಗುಂಡಿ ಮುಚ್ಚಿ ಮನೆ ಎಬ್ಬಿಸಿದ್ರು. ಎರಡನೇ ಕಂತಿಗೆ ಏಳನೇ ಗುಂಡಿ, ಪಕ್ಕದ ಕೂಲಿಯೋರ ಲೈನ್ ಮನೆಗಳು; ಇವಳ ಮನೆಯೂ ಅದರಲ್ಲೇ. ಲೈನ್ ಮನೆ ಬಿಟ್ಟೋರಿಗೆ ಅಲ್ಲೇ ಹೊಸ ಮನೆ. ಆದ್ರೆ ಎಣಿಕೆ ದಿನ ಯಜಮಾನನೇ ಬಂದು ಹೆಬ್ಬೆಟ್ಟು ಒತ್ತಬೇಕು. ಯಜಮಾನ ಇಲ್ಲ, ಮನೆ ಇಲ್ಲ.

ಇವಳ ಯಜಮಾನ ಚಿಕ್ಕಮಾರಯ್ಯ ಎಲ್ಲಿದ್ದ? ಕಾರ್ಖಾನೆ ಮುಚ್ಚೋ ಮುಂಚೆ ಒಂದು ರಾತ್ರಿ ಕೆಲಸಕ್ಕೆ ಹೋದೋನು ಬರ್ಲೇ ಇಲ್ಲ. ಇವಳಿಗೆ ಇಬ್ಬರು ಹೆಣ್ಣುಮಕ್ಕಳು ಬೇರೆ. ಚಿಕ್ಕಜಾಲದ ಬಳೆಗಾರ್ತಿ ಹಿಂದೆ ಓಡಿಹೋದ ಅಂತ ಊರೆಲ್ಲ ಮಾತು. ಅವಳೂ ಅದೇ ವಾರ ಕಾಣೆ. ಅವನನ್ನ ನೋಡಿ ಅವಳು ನಗೋದನ್ನ ನಾನೇ ಕಂಡಿದ್ದೆ. ಓಡಿಹೋದ ಅಂತ ಮೊದಲು ಹೇಳಿದ್ದೂ ನಾನೇ. ಹೌದು, ಹೇಳ್ದೆ. ಕಂಡದ್ದು ಹೇಳಬಾರ್ದಾ? ಆಮೇಲೆ ಯಾರೂ ಅವನನ್ನ ಹುಡುಕ್ಲಿಲ್ಲ.

ಆ ರಾತ್ರಿ ಇವಳು ಕಾರ್ಖಾನೆ ಬಾವಿ ದಾಟಿದ್ಲು. ಸದ್ದು.

ಚಪ್... ಚಪ್... ನೆಂದ ತೊಗಲನ್ನ ಚಪ್ಪಡಿ ಮೇಲೆ ಒಗೆಯೋ ಸದ್ದು. ಆಮೇಲೆ ಸರ್‍ರ್... ಎಳೆಯೋ ಸದ್ದು. ಏಳನೇ ಗುಂಡಿ ಕಡೆಯಿಂದ. ಎರಡಾಳು ಆಳ ಅದು. ತೊಗಲು ಹದಕ್ಕೆ ಅಂತ ತಂಗಡಿ ಗಿಡದ ಚಕ್ಕೆ ನೆನೆಹಾಕಿದ ಕಂದು ನೀರು ಹಾಗೇ ನಿಂತಿತ್ತು.

ಓಡ್ಲಿಲ್ಲ ಅವಳು. ಹೆದರೋಕೂ ಒಳಗೆ ಏನಾದ್ರೂ ಉಳಿದಿರಬೇಕಲ್ಲ.

"ಯಾರು?"

"ಏಳನೇದು ಮುಚ್ಚಿದ್ರಾ?" ಪಿಸುಮಾತು. ಗಂಡನ ಗಂಟಲು.

"ಇನ್ನೂ ಇಲ್ಲ."

"ಯಾವಾಗ?"

"ನಾಳಿದ್ದು. ನಾಳೆ ಎಣಿಕೆ."

ಗುಳಕ್... ಗುಳಕ್...

"ಎಣಿಕೆಗೆ ಬತ್ತೀನಿ. ಆಮ್ಯಾಕೆ ಮುಚ್ಬುಡಿ."

"ಊಟ ಆಯ್ತಾ?" ಅಂದ್ಲಂತೆ. ಹನ್ನೆರಡು ವರ್ಷ ಕೇಳಿ ಕೇಳಿ ರೂಢಿಯಾದ ಬಾಯಿ.

ಮಾರನೇ ದಿನ ಎಣಿಕೆ. ನಾನು ನೋಡೋಕೇ ಹೋಗಿದ್ದೆ, ಇವಳು ಏನು ಹೇಳ್ತಾಳೋ ಅಂತ. ಪಟ್ಟಿ ಉದ್ದ, ಕತ್ತಲಾಯ್ತು, ಗ್ಯಾಸ್ ಲೈಟು ಹಚ್ಚಿದ್ರು. ಪಕ್ಕದ ಮನೆ ಅಂಜಿನಮ್ಮ ಬಿಡ್ತಾಳಾ? "ಏನಮ್ಮಿ, ಓಗಿ ಎಬ್ಬೆಟ್ಟು ಒತ್ತಿ ಬಾ ಅಂತ ಬಳೆಗಾರ್ತೀನೇ ಕಳಿಸ್ಕೊಡ್ತಾಳಾ?" ಎಲ್ಲರೂ ನಕ್ರು. ನಾನೂ ನಕ್ಕೆ.

"ಚಿಕ್ಕಮಾರಯ್ಯ!" ಅಂತ ಜಾಫರ್ ಮೇಸ್ತ್ರಿ ಕೂಗಿದ.

ಕಂಬಳಿ ಕೊಪ್ಪೆ ಹಾಕಿದೋನು ಒಬ್ಬ ನಮ್ಮ ಹಿಂದಿಂದ ಬಂದ. ಪಚ್... ಪಚ್... ಒದ್ದೆ ಹೆಜ್ಜೆ. ಮಸಿ ಮುಟ್ಟಲಿಲ್ಲ. ನೇರ ಪುಸ್ತಕದ ಮೇಲೆ ಹೆಬ್ಬೆಟ್ಟಿಟ್ಟ. ಕಂದು ಗುರುತು ಬಿತ್ತು.

"ಕೈ ಯಾಕಯ್ಯಾ ಒದ್ದೆ?" ಎಣಿಕೆ ಸಾಹೇಬರು ಕೇಳಿದ್ರು.

"ಕೆಲಸ ಸ್ವಾಮಿ."

ಬಾವಿ ದಾಟಿ ಗುಂಡಿ ಕಡೆ ಹೋದ. ಗ್ಯಾಸ್ ಲೈಟು ಸುಂಯ್ ಅಂತಿತ್ತು, ಅಷ್ಟೇ.

"ಬಂದ್ನಲ್ಲೇ ನಿನ್ ಗಂಡ! ಇಷ್ಟ್ ದಿನ ಎಲ್ಲಿದ್ನಂತೆ?" ಅಂದ್ಲು ಅಂಜಿನಮ್ಮ.

"ಇಲ್ಲೇ" ಅಂದ್ಲು ಇವಳು.

ರಾತ್ರಿ ನನಗೆ ಎಲ್ಲಾ ಹೇಳಿದ್ಲು. "ಗುಂಡಿಯಿಂದ ಹೆಣ ಎತ್ತಿಸೇ, ಮಣ್ಣು ಮಾಡೋಣ" ಅಂದೆ. ನನಗೂ ಕರುಳಿದೆ.

"ಎತ್ತಿಸಿದ್ರೆ ಸತ್ತ ಅಂತ ಆಯ್ತದಕ್ಕ. ಮನೆ ಓಯ್ತದೆ. ಎಣ್ಮಕ್ಳನ್ನ ಎಲ್ಲಿ ಮಲಗಿಸ್ಲಿ? ಓಡೋದ ಅಂದಿದ್ಯಲ್ಲ ನೀನು... ಅಂಗೇ ಇರ್ಲಿ."

ಕೋಪ ಇರ್ಲಿಲ್ಲ ಧ್ವನೀಲಿ. ಏನೂ ಇರ್ಲಿಲ್ಲ.

ಬೆಳಗ್ಗೆ ಗುಂಡಿ ಮುಚ್ಚೋ ಕೂಲಿಗೆ ಅವಳೂ ಹೋದ್ಲು. ಮೊದಲನೇ ಮಂಕರಿ ಮಣ್ಣು ಅವಳದೇ. ದುಬುಕ್ ಅಂತು. ಸಂಜೆವರೆಗೂ ಹೊತ್ತು ಹಾಕಿದ್ಲು, ಒಂದು ಸಲವೂ ಕೆಳಗೆ ಬಗ್ಗಿ ನೋಡ್ಲಿಲ್ಲ.

ಚೀಟಿ ಎತ್ತಿ ಮನೆ ಹಂಚಿದಾಗ ಏಳನೇ ಗುಂಡಿ ಮೇಲಿನ ಮನೆಯೇ ಅವಳಿಗೆ ಬಂತು. ಆ ಯುಗಾದಿಗೆ ಬಳೆಗಾರ್ತಿ ಬಳೆ ಮಲಾರ ಹೊತ್ಕೊಂಡು ವಾಪಸ್ ಬಂದ್ಲು. ತಾಯಿಗೆ ಲಕ್ವ ಹೊಡೆದಿತ್ತಂತೆ, ತವರಲ್ಲಿದ್ದಳಂತೆ. ನನ್ನ ಕೈಗೂ ಒಂದು ಡಜನ್ ತೊಡಿಸಿದ್ಲು. ದುಡ್ಡು ಕೊಟ್ಟು ಕಳಿಸ್ದೆ.

ಈಗ ಮೂರನೇ ಕಂತೂ ಮುಗಿದಿದೆ. ಮುನಿಕೃಷ್ಣಮ್ಮನ ಅಡುಗೆಮನೇಲಿ, ಒಲೆ ಪಕ್ಕ, ಅಂಗೈ ಅಗಲ ಸಿಮೆಂಟು ಮಾತ್ರ ಇವತ್ತಿಗೂ ಗಟ್ಟಿಯಾಗಿಲ್ಲ. ಮೂರು ಸಲ ಬಳಿಸಿದ್ಲು. ಹೋದ ಶುಕ್ರವಾರ ನಾನೇ ಬೆರಳಿಟ್ಟು ನೋಡ್ದೆ.

ಸುಳ್ಳು ಅಂತೀರಾ? ಲಾಟೀನು ಹತ್ರ ತನ್ನಿ... ಈ ಉಗುರು ನೋಡಿ. ಸೀಗೆಕಾಯಿ ಹಾಕಿ ಉಜ್ಜಿದೀನಿ, ಬೂದಿ ಹಾಕಿ ಉಜ್ಜಿದೀನಿ.

ಇನ್ನೂ ಕಂದಾಗೇ ಇದೆ.