ನನ್ನ ಗೋಡೆಯೊಳಗಿನ, ನನ್ನದಲ್ಲದ ಮೂರು ಮರಗಳು

ಹೆಸರು: ಮುಫ್ಲಿಹ್ ಸಾಲಿಂ ರಬದಿ, ಊರವರ ಬಾಯಲ್ಲಿ ಅಬು ಸಾಹಿರ್. ವಯಸ್ಸು: 67 ವರ್ಷ (ಹೆಂಡತಿಯ ಪ್ರಕಾರ 70). ಕಸುಬು: ಕ್ಷೌರಿಕ. ವಾಸ: ಮಸೀದಿಯ ಕೆಳಗಿನ ಎರಡನೆಯ ಮನೆ, ಐನ್ ಜೌರ ಗ್ರಾಮ, ಅಜ್ಲೂನ್ ಜಿಲ್ಲೆ, ಜೋರ್ಡಾನ್.

ನಾನು ಈ ದಿನ ಯಾರ ಬಲವಂತವೂ ಇಲ್ಲದೆ, ಎರಡು ಊರುಗೋಲುಗಳ ಬಲದಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಳ್ಳತನ ನಡೆದಿಲ್ಲ. ಕಾಯಿ ಮಾತ್ರ ಹೋಗಿದೆ.

ಕಳೆದ ತಿಂಗಳು ನಾನು ನನ್ನದೇ ಅಂಗಡಿಯಲ್ಲಿ, ನಾನೇ ಚೆಲ್ಲಿದ ಸೋಪಿನ ನೀರಿನ ಮೇಲೆ ಜಾರಿ ಬಿದ್ದು ಎಡಗಾಲಿನ ಹರಡು ಮುರಿದುಕೊಂಡೆನು. ಆಲಿವ್ ಕೊಯ್ಲಿನ ಕಾಲ ಎದುರಿಗಿತ್ತು. ಮಗ ಸಾಹಿರ್ ಅಕಾಬಾ ಬಂದರಿನಲ್ಲಿ ಕೆಲಸಕ್ಕಿದ್ದು, ಅವನಿಗೆ ರಜೆ ಸಿಗಲಿಲ್ಲ. ಕಾಯಿ ಮರದಲ್ಲೇ ಕಪ್ಪಾಗುತ್ತಿತ್ತು. ನಾನು ಕಿಟಕಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆನು.

ಹೀಗಿರುವಾಗ ಇರ್ಬಿದ್‌ನ ಕಾಲೇಜೊಂದರ ಸೇವಾ ಬಳಗದ ವಿದ್ಯಾರ್ಥಿಗಳು ನಮ್ಮ ಊರಿಗೆ ಬಂದರು. ಇವರು ಮೊದಲು ಊರಿನ ಬುಗ್ಗೆಯ ಹೂಳು ತೆಗೆದರು. ಆಮೇಲೆ ಶಾಲೆಯ ಗೋಡೆಗೆ ಬಣ್ಣ ಬಳಿದರು. ಅರ್ಧ ಬಣ್ಣ ಗೋಡೆಗೆ ಹತ್ತಿದೆ, ಉಳಿದರ್ಧ ಅವರ ಕೂದಲಿನಲ್ಲಿದೆಯೆಂದು ಕಸುಬಿನ ಅನುಭವದಿಂದ ಹೇಳಬಲ್ಲೆನು. ಬಳಗದ ನಾಯಕಿ ರಹಫ್ ಎಂಬ ಹುಡುಗಿ ನನ್ನ ಪಟ್ಟಿ ಕಟ್ಟಿದ ಕಾಲನ್ನು ನೋಡಿ, "ಅಜ್ಜಾ, ನಿಮ್ಮ ಕಾಯಿ ನಾವು ಬಿಡಿಸ್ತೀವಿ. ಏಣಿ ಎಲ್ಲಿದೆ ಅಷ್ಟು ಹೇಳಿ ಸಾಕು," ಎಂದಳು. ಕೂಲಿ ಏನೆಂದು ಕೇಳಿದ್ದಕ್ಕೆ, "ಮಧ್ಯಾಹ್ನ ಹೊಟ್ಟೆಗೇನಾದ್ರೂ ಹಾಕಿ," ಎಂದಳು. ನನ್ನ ಹೆಂಡತಿ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಇಡೀ ಕುರಿಯೊಂದನ್ನು ಬೇಯಿಸಿದಳು.

ಶುಕ್ರವಾರ ನನ್ನನ್ನು ಪಟ್ಟಿ ಬದಲಿಸಲೆಂದು ಅಜ್ಲೂನ್ ಆಸ್ಪತ್ರೆಗೆ ಕರೆದೊಯ್ದರು. ಹೋಗುವಾಗ ಹುಡುಗರಿಗೆ ತೋಟದ ಬಾಗಿಲು ತೆಗೆದುಕೊಟ್ಟೆನು. ತೋಟದ ಮೂಲೆಯ ರೋಮನರ ಕಾಲದ ಮೂರು ಹಳೆಯ ಮರಗಳು ನನ್ನವಲ್ಲ, ಹಜ್ ಯಾತ್ರೆ ಮುಗಿಸಿ ಬಂದ ಪಕ್ಕದ ಮನೆಯ ಹಜ್ಜಮ್ಮ ಫಿದ್ದಾ ಅವರವು ಎಂದು ಹೇಳಲಿಲ್ಲ. ಅವರ ಅಜ್ಜ ನಮ್ಮ ಅಜ್ಜನಿಗೆ ನೆಲ ಮಾರಿದರು, ಆ ಮರಗಳನ್ನು ಮಾರಲಿಲ್ಲ. ಇದು ನಮ್ಮೂರಿನ ಕತ್ತೆಗಳಿಗೂ ಗೊತ್ತಿರುವ ವಿಷಯವಾದ್ದರಿಂದ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಇರ್ಬಿದ್ ಪೇಟೆಯಲ್ಲಿ ಹುಟ್ಟಿದವರಿಗೆ ಮಾತ್ರ, ಗೋಡೆ ಯಾರದೋ ಮರವೂ ಅವರದೇ.

ನಾನು ಸಂಜೆ ಮರಳುವ ಹೊತ್ತಿಗೆ ಎಲ್ಲ ಮರಗಳೂ ಬರಿದಾಗಿದ್ದವು. ಕಾಯಿ ಗಾಣಕ್ಕೆ ಹೋಗಿತ್ತು. ಹಜ್ಜಮ್ಮನ ಕಾಯಿಯೂ ನನ್ನ ಕಾಯಿಯೂ ಒಂದೇ ಎಣ್ಣೆಯಾಗಿ ಡಬ್ಬಿ ಸೇರಿದ್ದವು. ಕತ್ತಲಾಗಿದ್ದರಿಂದ ನಾನು ಮೂಲೆಯ ಕಡೆ ನೋಡಲಿಲ್ಲ. ಎಣ್ಣೆಯ ಘಮಕ್ಕೆ ಕಣ್ಣು ತುಂಬಿ ಬಂದಿತ್ತೆಂಬುದನ್ನೂ ದಾಖಲಿಸಬೇಕಾಗಿ ವಿನಂತಿ.

ಶನಿವಾರ ಬೆಳಿಗ್ಗೆ ಹಜ್ಜಮ್ಮ ಬರಿದಾದ ಮರಗಳನ್ನು ಕಂಡು ನೇರ ಠಾಣೆಗೆ ಬಂದು ಕಳ್ಳತನದ ದೂರು ಕೊಟ್ಟರು. ಸಾಕ್ಷ್ಯ ಹುಡುಕುವ ತೊಂದರೆ ಪೊಲೀಸರಿಗೆ ಆಗಲಿಲ್ಲ. ಔನ್ ಎಂಬ ವಿದ್ಯಾರ್ಥಿಯು ಅದೇ ಮರದ ತುದಿಯಲ್ಲಿ ಕುಳಿತು ಹಲ್ಲು ಕಿರಿದ ತನ್ನ ಫೋಟೋವನ್ನು ತಾನೇ ಊರಿಗೆಲ್ಲ ಹಂಚಿದ್ದನು. ಅವನನ್ನು ಠಾಣೆಯಲ್ಲಿ ಕೂರಿಸಲಾಯಿತು. ಕೇಸು ದಾಖಲಾದರೆ ಓದು ಮುಗಿದ ಮೇಲೆ ಅವನಿಗೆ ಸನ್ನಡತೆಯ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಕೆಲಸ ಸಿಗುವುದಿಲ್ಲ, ಬಳಗವನ್ನು ಕಾಲೇಜು ಮುಚ್ಚಿಬಿಡುತ್ತದೆ ಎಂದು ರಹಫ್ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. "ಒಳ್ಳೇದು ಮಾಡೋಕೆ ಬಂದು ಕಳ್ಳರಾದ್ವಲ್ಲ ಅಜ್ಜಾ," ಎಂದಳು.

ನಾನು ಠಾಣಾಧಿಕಾರಿಗಳಲ್ಲಿ ಬೇಡಿಕೊಂಡೆನು. ಅವರು ದೊಡ್ಡ ಮನಸ್ಸು ಮಾಡಿ, ಸಂಜೆಯೊಳಗೆ ರಾಜಿಯಾದರೆ ಸರಿ ಎಂದು ಹೇಳಿ, ಔನ್‌ನನ್ನು ಪೇದೆ ಶಿಬ್ಲಿ ಅವರ ಕಾವಲಿನಲ್ಲಿ ನನ್ನೊಡನೆ ಕಳಿಸಿದರು. ನಾನು, ರಹಫ್, ಔನ್ ಮತ್ತು ಬಳಗದವರು ನಿಯೋಗವಾಗಿ ಹಜ್ಜಮ್ಮನ ಮನೆಗೆ ಹೋದೆವು. ದೂರ ನಲವತ್ತು ಮೀಟರ್. ಊರುಗೋಲಿನಲ್ಲಿ ಅದಕ್ಕಿಂತ ಹೆಚ್ಚು.

ಹಜ್ಜಮ್ಮ ಏಲಕ್ಕಿಯ ಕಹಿ ಕಾಫಿ ತಂದಿಟ್ಟರು. ಬೇಡಿಕೆ ಹೊತ್ತು ಹೋದವರು, ಮನೆಯವರು ಒಪ್ಪುವ ತನಕ ಕಾಫಿ ಮುಟ್ಟುವಂತಿಲ್ಲ. ಕುಡಿದರೆ ಬೇಡಿಕೆ ಮುಗಿಯಿತೆಂದೇ ಅರ್ಥ. ನಾನು ಕಪ್ಪನ್ನು ನೆಲಕ್ಕಿಟ್ಟೆನು. ವಿದ್ಯಾರ್ಥಿಗಳೂ ಇಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಸೊರ್ರೆಂಬ ಸದ್ದು ಕೇಳಿಸಿತು. ಪೇದೆ ಶಿಬ್ಲಿ ಅವರು ಕಾಫಿ ಕುಡಿದು ಮುಗಿಸಿದ್ದರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವಂತೆ, ಕೈ ತಾನಾಗಿ ಹೋಯಿತಂತೆ. ಸದರಿ ಶಿಬ್ಲಿ ಅವರೇ ಈಗ ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದು, ಈ ವಾಕ್ಯ ಬೇಡವೆಂದು ಕೋರಿದ್ದಾರೆ. ಬರೆಯಲೇಬೇಕೆಂದು ನಾನು ಹೇಳಿದ್ದೇನೆ.

ಹಜ್ಜಮ್ಮ, "ಕುಡಿದಾಯ್ತಲ್ಲ? ಇನ್ನು ಕೇಳೋಕೇನಿದೆ, ಎದ್ದು ನಡೀರಿ," ಎಂದರು.

ಆಗ ರಹಫ್, "ಹಜ್ಜಮ್ಮಾ, ಅವರು ನಮ್ಮ ಜೊತೆ ಬಂದೋರಲ್ಲ. ಅವರು ನಮ್ಮನ್ನ ಹಿಡ್ಕೊಂಡು ಬಂದೋರು. ಅವರ ಕಾಫಿ ಸರ್ಕಾರದ ಲೆಕ್ಕಕ್ಕೆ. ನಮ್ಮದು ಇಲ್ಲೇ ಇದೆ ನೋಡಿ, ಆರ್ತಾ ಇದೆ," ಎಂದಳು.

ಹಜ್ಜಮ್ಮ ನಗು ತಡೆದುಕೊಳ್ಳಲು ತಲೆವಸ್ತ್ರದ ಅಂಚನ್ನು ಬಾಯಿಗೆ ಹಿಡಿದರು, ಆದರೆ ಹೊಟ್ಟೆ ಕುಲುಕುತ್ತಿದ್ದುದು ಕಂಡಿತು. ನಾನು ಸಮಯ ನೋಡಿ, ಎಣ್ಣೆಯಲ್ಲಿ ಅವರ ಪಾಲಿಗಿಂತ ಹೆಚ್ಚೇ ಕೊಡುತ್ತೇನೆಂದೆನು.

"ನಿನ್ನ ಆ ಹುಳಿ ಕಾಯಿ ಜೊತೆ ಬೆರೆಸಿದ ಎಣ್ಣೆ ಯಾರಿಗೆ ಬೇಕೋ? ತಲೆಗೆ ಹಚ್ಕೋ, ಬೋಳಾದ್ರೂ ಹೊಳೆಯುತ್ತೆ," ಎಂದರು ಹಜ್ಜಮ್ಮ. ಆಮೇಲೆ ದನಿ ತಗ್ಗಿತು. "ಅಬು ಸಾಹಿರ್, ನಾನೇನು ಎಣ್ಣೆಗೆ ಅತ್ತುಕೊಂಡು ಠಾಣೆಗೆ ಹೋದ್ನಾ? ಈ ಮಕ್ಕಳು ಓದಿದೋರು, ಒಳ್ಳೆಯೋರು. ಅವರಿಗೇ ಗೋಡೆ ಒಳಗಿರೋದೆಲ್ಲ ಗೋಡೆಯೋನದು ಅನ್ನಿಸ್ತು. ನಾಳೆ ನಾನೂ ಇಲ್ಲ, ನೀನೂ ಇಲ್ಲ ಅಂದಾಗ ನಿನ್ನ ಮಗನಿಗೂ ಹಾಗೇ ಅನ್ನಿಸುತ್ತೆ. ನನ್ನ ಮಗಳು ಯಾರನ್ನ ಕೇಳಬೇಕು? ಎಲ್ಲೂ ಬರೆದಿಲ್ಲ ಕಣೋ. ನಮ್ಮಿಬ್ಬರ ಬಾಯಲ್ಲಿದೆ ಅಷ್ಟೆ."

ಔನ್ ಎದ್ದು ಹೋಗಿ ಹಜ್ಜಮ್ಮನ ತಲೆಗೆ ಮುತ್ತಿಟ್ಟನು. "ಮುಂದಿನ ವರ್ಷ ನಿಮ್ಮ ಕಾಯಿ ನಾನೇ ಬಿಡಿಸ್ತೀನಿ," ಎಂದನು. ಅವರು ಅವನ ಕಿವಿ ಹಿಂಡಿ, "ಬಾ. ಫೋಟೋ ತೆಗೆದ್ರೆ ಮಾತ್ರ ಏಣಿ ಎಳೀತೀನಿ," ಎಂದರು. ನನ್ನ ಕಡೆ ತಿರುಗಿ, ದೂರು ಹಿಂದೆ ತೆಗೆಯುತ್ತೇನೆ, ಆದರೆ ಮೊದಲು ನೀನು ಸರ್ಕಾರದ ಎದುರು ಆ ಮರಗಳು ಯಾರವೆಂದು ಬರೆಸಬೇಕು ಎಂದು ಷರತ್ತು ಹಾಕಿದರು. ನಾನು ಒಪ್ಪಿದೆನು. "ಹಾಗಾದ್ರೆ ಕುಡೀರಿ," ಎಂದರು. ಕಾಫಿ ಪೂರ್ತಿ ಆರಿತ್ತು. ನಾವೆಲ್ಲ ಕೊನೆಯ ತೊಟ್ಟಿನವರೆಗೆ ಕುಡಿದೆವು.

ಆದ್ದರಿಂದ ಹೇಳುವುದೇನೆಂದರೆ, ಸದರಿ ವಿದ್ಯಾರ್ಥಿಗಳ ಮೇಲೆ ನನ್ನ ದೂರೇನೂ ಇಲ್ಲ, ಋಣವಿದೆ. ಅವರು ನನ್ನ ಕಾಯಿ ಉಳಿಸಿದರು. ನನಗೂ ಹಜ್ಜಮ್ಮನಿಗೂ ಇಷ್ಟು ವರ್ಷ ತೋಚದಿದ್ದ ಕೆಲಸವನ್ನು ತಪ್ಪು ಮರ ಹತ್ತಿ ಮಾಡಿಸಿದರು. ಇದು ಅವರ ಸೇವಾಕಾರ್ಯಗಳ ಪೈಕಿ ಕಾಲೇಜಿನಲ್ಲಿ ಲೆಕ್ಕಕ್ಕೆ ಬರಬೇಕೆಂದು ನನ್ನ ಕೋರಿಕೆ.

ನನ್ನ ತೋಟದ ಮೂಡಣ ಮೂಲೆಯ ಮೂರು ಹಳೆಯ ಆಲಿವ್ ಮರಗಳು ಹಜ್ಜಮ್ಮ ಫಿದ್ದಾ ಅವರವು. ಅವರ ನಂತರ ಅವರ ಮಗಳು ಜವಾಹಿರ್ ಅವರವು. ನನಗಾಗಲಿ, ನನ್ನ ಮಗ ಸಾಹಿರ್‌ಗಾಗಲಿ, ಅವನ ಮಕ್ಕಳಿಗಾಗಲಿ ಅವುಗಳ ಒಂದು ಕಾಯಿಯ ಮೇಲೂ ಹಕ್ಕಿಲ್ಲ. ನೆಲ ನಮ್ಮದು, ಮರ ಅವರದು, ನೆರಳು ಇಬ್ಬರದು.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ. ಪಕ್ಕದ ಬೆಂಚಿನಲ್ಲಿ ಕುಳಿತಿರುವ ಹಜ್ಜಮ್ಮ ಫಿದ್ದಾ ಅವರು ಮರಗಳ ವಿಷಯದ ಭಾಗವನ್ನು ಮತ್ತೊಮ್ಮೆ ಓದಿಸಿ ಕೇಳಿ, ಮಗಳ ಹೆಸರು ಬಂದಾಗ ತಲೆಯಾಡಿಸಿ, ದೂರಿನ ಕಾಗದವನ್ನು ವಾಪಸು ಪಡೆದಿರುತ್ತಾರೆ.

ಸ್ಥಳ: ಐನ್ ಜೌರ ಪೊಲೀಸ್ ಠಾಣೆ
ದಿನಾಂಕ: ನವೆಂಬರ್ 9, ಶನಿವಾರ

(ಸಹಿ) ಮುಫ್ಲಿಹ್ ಸಾಲಿಂ ರಬದಿ