ಅಜ್ಜಿ ಮನೆ ಇದ್ದ ಜಾಗದ ಜಿಂಕೆ

ನಮ್ಮಿಂದ ಕಿತ್ತುಕೊಂಡು ಅಮೆರಿಕದ ಸೈನ್ಯ ತರಬೇತಿಗೆ ಬಳಸುವ ಕಾಡಿನ ಗೇಟಿನಲ್ಲಿ, ಜಿಂಕೆ ಬೇಟೆಗೆ ಬಂದ ನಮ್ಮ ನಿಸ್ಕ್ವಾಲಿ ಬುಡಕಟ್ಟಿನವರು ಸಾಲಾಗಿ ನಿಂತಿದ್ದೆವು. ನನ್ನ ಮುಂದೆ ಮುದುಕ ಲೆವಿ ಮತ್ತು ಅವನ ಅಕ್ಕನ ಮಗಳು ಡೆಲ್ಫಿನ್.

“ನಿನ್ನೆ ಜಿಂಕೆ ಎದುರಿಗೇ ನಿಂತಿತ್ತಂತೆ. ಯಾಕೆ ಹೊಡೀಲಿಲ್ಲ?”

“ಅದು ನಿಂತಿದ್ದು ಅಜ್ಜಿ ಮನೆ ಇದ್ದ ಜಾಗದಲ್ಲಿ, ಮಾವ.”

“ಅಲ್ಲೀಗ ಏನಿದೆ? ಬರೀ ಫಿರಂಗಿ ಗುಂಡು ಬಿದ್ದ ಗುಂಡಿಗಳು.”

“ಅಜ್ಜಿ ಒಣಗಿಸ್ತಿದ್ದ ಹಾಗೆ ಮೀನು ಹೊಗೆಗೆ ಹಾಕಿದ ವಾಸನೆ ಬಂತು. ಆಮೇಲೆ ಯಾರೋ ನನ್ನ ಹೆಸರು ಕರೆದ್ರು. ಅಜ್ಜಿ ದನಿನೇ.”

“ಓಗೊಟ್ಯಾ?”

“ಹೂಂ.”

ಲೆವಿ ಹಿಂದೆ ನಿಂತಿದ್ದ ತನ್ನ ಕಾರಿನ ಕಡೆ ಕೈ ತೋರಿಸಿದ.

“ಸತ್ತೋರಿಗೆ ಓಗೊಟ್ರೆ ಜೊತೆಗೆ ಕರ್ಕೊಂಡು ಹೋಗ್ತಾರೆ. ಇವತ್ತು ನೀನು ಕಾರಲ್ಲೇ ಕೂತಿರು.”

“ಇಲ್ಲಿ ಬೇಟೆ ನಮ್ಮ ಹಕ್ಕು ಅಂತ ಜೀವಮಾನವೆಲ್ಲ ಜಗಳಾಡಿದೋನು ನೀನು. ಈಗ ಕೂತಿರು ಅಂತೀಯಾ?”

“ಒಳಗೆ ನಾನು ಹೋಗ್ತೀನಿ. ಮತ್ತೆ ಕರೆದ್ರೆ ನಾನೇ ಓಗೊಡ್ತೀನಿ. ನಮ್ಮಮ್ಮ ಅಲ್ವಾ.”

ಗೇಟು ತೆರೆಯಿತು. ತನ್ನ ಬಂದೂಕನ್ನು ಅವಳ ಕೈಗೆ ಕೊಟ್ಟು, ಲೆವಿ ಒಬ್ಬನೇ ಒಳಗೆ ನಡೆದ.